ಅವ್ವನಿಗೆ ಫೋನ್, ಎಂಟೂವರೆಗೆ

ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೋಗಿದ್ದೆ. ರಾತ್ರಿ ಎಂಟೂವರೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು, ಶೇಂಗಾ ಚಟ್ನಿಗೆ ಮೊಸರು ಕಲಸಿಕೊಂಡು ಬಿಸಿ ರೊಟ್ಟಿ ತಿನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ನೆಲದ ಮೇಲಿದ್ದ ಫೋನು ಗುಂಯ್ ಎಂದು ನಡುಗಿತು. ಪರದೆಯ ಮೇಲೆ ದೊಡ್ಡ ಅಕ್ಷರ: ‘ಅವ್ವನಿಗೆ ಫೋನ್ ಮಾಡು’. ಅದರ ಕೆಳಗೆ ಎರಡು ಗುಂಡಿ: ‘ಆಯಿತು’, ‘ಆಮೇಲೆ’.

ಅವ್ವ ನಿಧಾನವಾಗಿ ಓದಿದಳು. “ನಾ ಇಲ್ಲೇ ಕುಂತೀನಲ್ಲೋ, ಯಾರಿಗ್ ಫೋನ್ ಮಾಡಂತ ಹೇಳಾಕತ್ತೈತಿ ಅದು?” ಎಂದು ನಕ್ಕಳು. ನಾನೂ ನಕ್ಕೆ. ಆದರೆ ರೊಟ್ಟಿ ಗಂಟಲಲ್ಲೇ ನಿಂತಿತು. ಮುಂಬಯಿಯಲ್ಲಿದ್ದರೂ ಮಗ ಒಂದು ದಿನವೂ ತಪ್ಪದೆ ಫೋನ್ ಮಾಡುತ್ತಾನೆ ಎಂದು ಅವಳು ಓಣಿಯ ತುಂಬ ಹೇಳಿಕೊಂಡು ಬಂದಿದ್ದಳು. ಆ ಮಗನ ಗುಟ್ಟು ಈಗ ನೆಲದ ಮೇಲೆ ಬಿದ್ದು ಮಿನುಗುತ್ತಿತ್ತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಯಂತ್ರ ನೆನಪಿಸಿದ್ದಕ್ಕೆ ಮಾಡಿದ ಒಳ್ಳೆಯ ಕೆಲಸ ಯಾರದು? ನನ್ನದೇ, ಯಂತ್ರದ್ದೇ?

ಆ ಆ್ಯಪ್ ನನ್ನ ಫೋನಿಗೆ ಬಂದದ್ದು ವೈದ್ಯರ ಮಾತಿನಿಂದ. ಮೂವತ್ತಾರಕ್ಕೇ ರಕ್ತದೊತ್ತಡ ಏರಿತ್ತು. ಬೆಳಿಗ್ಗೆ ಆರಕ್ಕೆ ನಡಿಗೆ, ತಿಂಡಿಯ ನಂತರ ಗುಳಿಗೆ, ಗಂಟೆಗೊಮ್ಮೆ ನೀರು, ಹನ್ನೊಂದಕ್ಕೆ ನಿದ್ದೆ ಎಂದು ಒಂದೊಂದನ್ನೇ ಅದಕ್ಕೆ ಒಪ್ಪಿಸಿದೆ. ಪಟ್ಟಿ ಮಾಡುತ್ತಿದ್ದಾಗ ಅವ್ವನೂ ನೆನಪಾದಳು, ಅವಳನ್ನೂ ಸೇರಿಸಿದೆ. ನೀರು, ಗುಳಿಗೆ, ಅವ್ವ, ನಿದ್ದೆ. ಆಗ ಅದರಲ್ಲಿ ನನಗೆ ಏನೂ ವಿಚಿತ್ರ ಕಾಣಲಿಲ್ಲ.

ನಾನಿರುವುದು ಡೊಂಬಿವಲಿಯಲ್ಲಿ, ಕಚೇರಿ ಲೋವರ್ ಪರೇಲಿನಲ್ಲಿ. ಬೆಳಗಿನ ಫಾಸ್ಟ್ ಲೋಕಲ್ ಹತ್ತಿದವರಿಗೆ ಗೊತ್ತು, ಅಲ್ಲಿ ನಮ್ಮ ಕೈ ನಮ್ಮದೇ ಜೇಬಿಗೆ ತಲುಪುವುದಿಲ್ಲ. ಅಂಥ ನೂಕುನುಗ್ಗಲಿನಲ್ಲಿ ಠಾಣೆ ದಾಟುವ ಹೊತ್ತಿಗೆ ಜೇಬಿನೊಳಗಿಂದ ಫೋನು ನಡುಗುತ್ತದೆ: ‘ಬಹಳ ಹೊತ್ತು ಕೂತಿದ್ದೀರಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ.’ ಕೂರಲು ಜಾಗ ಸಿಕ್ಕರೆ ತಾನೇ ಏಳುವುದು! ಹೀಗೆ ನಗುವಂತೆ ಶುರುವಾದದ್ದು ಮೆಲ್ಲಗೆ ಬೇರೆಯೇ ಆಯಿತು. ಆ್ಯಪಿನಲ್ಲಿ ಒಂದು ಲೆಕ್ಕ ಇತ್ತು, ಎಷ್ಟು ದಿನ ಒಂದೂ ತಪ್ಪದೆ ಮಾಡಿದಿರಿ ಎಂಬ ಲೆಕ್ಕ. ಅದು ನೂರು ದಾಟಿದಾಗ ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದವು. ಕೆಲವು ದಿನಗಳ ನಂತರ ಒಂದು ರಾತ್ರಿ, ಇನ್ನೇನು ಹನ್ನೆರಡು ಹೊಡೆಯುತ್ತದೆ ಎನ್ನುವಾಗ, ಅಂದು ನಡೆದಿಲ್ಲ ಎಂಬುದು ಹಾಸಿಗೆಯಲ್ಲಿ ನೆನಪಾಯಿತು. ಮಲಗಿದಲ್ಲಿಂದಲೇ ‘ಆಯಿತು’ ಒತ್ತಿದೆ. ಲೆಕ್ಕ ಉಳಿಯಿತು.

ಆ ಸುಳ್ಳನ್ನು ಯಾರಿಗೆ ಹೇಳಿದೆ? ಫೋನಿಗೆ ಸತ್ಯದ ಗೊಡವೆ ಇಲ್ಲ. ವೈದ್ಯರು ಆ ಲೆಕ್ಕ ಕೇಳುವವರಲ್ಲ. ನೋಡುವವರು ಯಾರೂ ಇಲ್ಲದ ಕೋಣೆಯಲ್ಲಿ, ನನ್ನದೇ ಆರೋಗ್ಯದ ವಿಷಯದಲ್ಲಿ, ನನಗೇ ಮೋಸ ಮಾಡಿ ನೆಮ್ಮದಿಯಾಗಿ ಮಲಗಿದ್ದೆ.

ಯಂತ್ರ ನಮ್ಮ ಹೊತ್ತನ್ನು ನೆನಪಿಸುವುದು ಈ ಊರಿಗೆ ಹೊಸದಲ್ಲ. ನಾನು ಕೆಲಸ ಮಾಡುವ ಗಾಜಿನ ಕಟ್ಟಡ ನಿಂತಿರುವುದು ಹಿಂದೆ ಬಟ್ಟೆಯ ಗಿರಣಿ ಇದ್ದ ಜಾಗದಲ್ಲಿ. ಗಿರಣಿಯ ಭೋಂಗಾ ಕೂಗಿದಾಗ ಪರೇಲ್, ಲಾಲ್‌ಬಾಗ್‌ನ ಚಾಳುಗಳೆಲ್ಲ ಒಟ್ಟಿಗೆ ಏಳುತ್ತಿದ್ದವು. 1906ರ ಜನವರಿಯಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಎಂದು ಗಿರಣಿಗಳು ಗಡಿಯಾರವನ್ನು ಸುಮಾರು 39 ನಿಮಿಷ ಮುಂದಕ್ಕೆ ತಿರುಗಿಸಿದಾಗ, ಕಾರ್ಮಿಕರು ಕೆಲಸ ಬಿಟ್ಟು ಹೊರಬಂದು ಪ್ರತಿಭಟಿಸಿದರು. ಸೂರ್ಯನ ಲೆಕ್ಕದಲ್ಲಿ ಅಷ್ಟು ಬೇಗ ಏಳಬೇಕಾದವರು ಅವರೇ ಆಗಿದ್ದರು. ನಗರಪಾಲಿಕೆಯಂತೂ ಹಳೆಯ ‘ಬಾಂಬೆ ಟೈಮ್’ ಅನ್ನು ದಶಕಗಳವರೆಗೂ ಬಿಡಲಿಲ್ಲ. 1982ರ ಮುಷ್ಕರದ ನಂತರ ಭೋಂಗಾಗಳು ಒಂದೊಂದಾಗಿ ಸುಮ್ಮನಾದವು. ಈಗ ಅದೇ ಜಾಗದಲ್ಲಿ ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಸಣ್ಣ ಭೋಂಗಾ ಇದೆ. ಅದನ್ನು ಧಣಿ ಇಟ್ಟದ್ದಲ್ಲ, ನಾವೇ ಇಟ್ಟುಕೊಂಡದ್ದು. ಹಾಗಾಗಿ ಕೆಲಸ ಬಿಟ್ಟು ಹೊರಬಂದು ಪ್ರತಿಭಟಿಸುವುದು ಯಾರ ವಿರುದ್ಧ ಎಂದು ತಿಳಿಯುವುದಿಲ್ಲ.

ಆದರೆ ಇದೇ ಊರಿನಲ್ಲಿ ಇನ್ನೊಂದು ಗಂಟೆಯ ಕತೆಯೂ ಇದೆ. ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಜಾಬಾಯಿ ಗೋಪುರ ಪೂರ್ಣಗೊಂಡದ್ದು 1878ರಲ್ಲಿ. ಹತ್ತಿಯ ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ತನ್ನ ತಾಯಿಯ ಹೆಸರಿಡಬೇಕೆಂಬ ಷರತ್ತಿನ ಮೇಲೆ ಅದಕ್ಕೆ ಹಣ ಕೊಟ್ಟ. ಜೈನ ನೇಮದಂತೆ ಕತ್ತಲಾಗುವ ಮೊದಲೇ ಊಟ ಮುಗಿಸುತ್ತಿದ್ದ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಯಾರನ್ನೂ ಕೇಳದೆ ಹೊತ್ತು ತಿಳಿಯಲೆಂದು ಮಗ ಗಂಟೆಯ ಗೋಪುರವನ್ನೇ ಕಟ್ಟಿಸಿದ ಎಂದು ಜನ ಹೇಳುತ್ತಾರೆ.

ಓವಲ್ ಮೈದಾನದ ಬದಿಯಲ್ಲಿ ಹೋಗುವಾಗಲೆಲ್ಲ ಈ ಕತೆ ನನ್ನನ್ನು ಕಾಡುತ್ತದೆ. ದಿನ ಸಂಜೆ ತಾನೇ ಹೋಗಿ “ಹೊತ್ತಾಯಿತಮ್ಮಾ, ಊಟ ಮಾಡು” ಎಂದು ಹೇಳುವ ಬದಲು ಮಗ ಯಂತ್ರಕ್ಕೆ ವಹಿಸಿದ ಎಂದು ದೂರಬಹುದು. ಆದರೆ ಹೊತ್ತು ಕೇಳಲು ಮತ್ತೊಬ್ಬರ ದಾರಿ ಕಾಯುವ ಹಂಗನ್ನು ಅವಳಿಗೆ ತಪ್ಪಿಸಿದ ಎಂದೂ ಹೇಳಬಹುದು. ಗುಳಿಗೆಯ ಹೊತ್ತು ಮರೆತುಹೋಗುವ ವಯಸ್ಸಾದವರಿಗೆ, ಪಾಳಿಯ ಕೆಲಸದಲ್ಲಿ ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯದವರಿಗೆ ಫೋನಿನ ಗಂಟೆ ಕೊಡುವುದು ಇದೇ ಘನತೆಯನ್ನು. ಅದನ್ನು ಹೀಗಳೆಯುವುದು ಆರೋಗ್ಯವಂತರ ಸೊಕ್ಕು.

ನೆನಪನ್ನು ಹೊರಗಿನ ವಸ್ತುವಿಗೆ ವಹಿಸುವ ಬಗ್ಗೆ ಜಗಳ ಬಹಳ ಹಳೆಯದು. ಪ್ಲೇಟೋನ ‘ಫೀಡ್ರಸ್’ನಲ್ಲಿ ಈಜಿಪ್ಟಿನ ರಾಜನೊಬ್ಬ ಬರವಣಿಗೆಯನ್ನೇ ಅನುಮಾನಿಸುತ್ತಾನೆ: ಜನ ಇನ್ನು ತಮ್ಮೊಳಗಿನಿಂದ ನೆನೆಯುವುದನ್ನು ಬಿಟ್ಟು ಹೊರಗಿನ ಗುರುತುಗಳನ್ನು ನಂಬುತ್ತಾರೆ ಎಂಬುದು ಅವನ ಭಯ. 1998ರಲ್ಲಿ ಆಂಡಿ ಕ್ಲಾರ್ಕ್ ಮತ್ತು ಡೇವಿಡ್ ಚಾಲ್ಮರ್ಸ್ ಎಂಬ ತತ್ವಜ್ಞಾನಿಗಳು ಇದಕ್ಕೆ ತಿರುಗಾ ವಾದ ಹೂಡಿದರು. ಅವರು ಕಲ್ಪಿಸಿದ ಆಟೋ ಎಂಬಾತ ಮರೆವಿನ ರೋಗಿ. ನ್ಯೂಯಾರ್ಕಿನ ಒಂದು ಮ್ಯೂಸಿಯಮ್ಮಿನ ವಿಳಾಸವನ್ನು ತನ್ನ ನೋಟುಪುಸ್ತಕದಲ್ಲಿ ನೋಡಿಕೊಂಡು ಹೋಗುತ್ತಾನೆ. ಮತ್ತೊಬ್ಬರ ತಲೆಯೊಳಗಿನ ನೆನಪು ಮಾಡುವ ಕೆಲಸವನ್ನೇ ಅವನ ಪುಸ್ತಕ ಮಾಡುತ್ತಿದ್ದರೆ, ಅದನ್ನೂ ಅವನ ಮನಸ್ಸಿನ ಭಾಗವೆಂದೇ ಎಣಿಸಬೇಕು ಎಂಬುದು ಅವರ ವಾದ. ಇದನ್ನು ಒಪ್ಪಿದರೆ ನಾನು ನಾಚಬೇಕಾದ್ದಿಲ್ಲ. ನನ್ನ ಫೋನು ನೆನೆದರೆ ನಾನೇ ನೆನೆದಂತೆ.

ಆದರೆ ಅವ್ವ ಮ್ಯೂಸಿಯಮ್ಮಿನ ವಿಳಾಸವಲ್ಲವಲ್ಲ!

ಅರಿಸ್ಟಾಟಲ್ ಇಲ್ಲಿ ನನಗೆ ಹೆಚ್ಚು ಹತ್ತಿರದವನಾಗಿ ಕಾಣುತ್ತಾನೆ. ಒಳ್ಳೆಯ ಗುಣ ಹುಟ್ಟಿನಿಂದ ಬರುವುದಿಲ್ಲ, ಮಾಡಿ ಮಾಡಿ ಬರುತ್ತದೆ ಎಂಬುದು ಅವನ ಮಾತಿನ ಸಾರ. ಆದರೆ ಮಾಡಿದ ಮಾತ್ರಕ್ಕೆ ಅದು ಗುಣವಾಗದು. ಅದನ್ನು ತಿಳಿದು ಮಾಡಬೇಕು, ಅದಕ್ಕಾಗಿಯೇ ಆರಿಸಿಕೊಂಡು ಮಾಡಬೇಕು, ಅಲುಗದ ಮನಸ್ಥಿತಿಯಿಂದ ಮಾಡಬೇಕು. ನಾನು ಮೊದಲ ಎರಡನ್ನು ಹೇಗೋ ದಾಟಿಯೇನು. ಮೂರನೆಯದು? ಫೋನಿನ ಬ್ಯಾಟರಿ ಮುಗಿದ ದಿನ ನಾನು ಅವ್ವನನ್ನು ಮರೆತರೆ ಆ ಮನಸ್ಥಿತಿ ಬ್ಯಾಟರಿಯದೇ ಆಯಿತು.

ಈ ಅನುಮಾನ ಬರೀ ತತ್ವದ್ದಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 84 ದಿನ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕೆಂದು ಕಂಡುಬಂತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾಗಬಹುದು ಎಂಬ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂಬುದೂ ಅಲ್ಲಿ ಗೊತ್ತಾಯಿತು. ನಾನು ಸುಳ್ಳು ಹೇಳಿ ಉಳಿಸಿಕೊಂಡ ಲೆಕ್ಕಕ್ಕೆ ಅಷ್ಟೇ ಬೆಲೆ! 2015ರ ಇನ್ನೊಂದು ಅಧ್ಯಯನ ಫೋನಿನ ರಿಮೈಂಡರ್‌ಗಳನ್ನೇ ಪರೀಕ್ಷಿಸಿತು. ರಿಮೈಂಡರ್ ಇದ್ದವರು ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿದ್ದರು, ನಿಜ. ಆದರೆ ಅದು ರೂಢಿಯಾಗಿ ಒಳಗಿಳಿಯಲು ಅದೇ ರಿಮೈಂಡರ್ ಅಡ್ಡಿಯಾಯಿತು. ಹೊಸ ಕೆಲಸವನ್ನು ದಿನದ ಯಾವುದಾದರೂ ಹಳೆಯ ಕೆಲಸದ ಬಾಲಕ್ಕೆ ಕಟ್ಟಿಕೊಂಡವರಲ್ಲಿ ಅದು ಬೇಗ ಬೇರೂರಿತು.

ನಮ್ಮಂಥ ವಲಸಿಗರು ಇಲ್ಲೇ ಸಿಕ್ಕಿಬೀಳುವುದು. ಊರಿನಲ್ಲಿ ದಿನಕ್ಕೆ ತನ್ನದೇ ಗುರುತುಗಳಿದ್ದವು. ಎಮ್ಮೆ ಹಿಂಡುವ ಹೊತ್ತು, ದೀಪ ಹಚ್ಚುವ ಹೊತ್ತು, ಎದುರು ಮನೆಯವರು ಕಟ್ಟೆಗೆ ಬಂದು ಕೂರುವ ಹೊತ್ತು. ನಮ್ಮ ಮಂದಿ ಎದುರಾದವರನ್ನು ಕೇಳುವ ಮೊದಲ ಮಾತೇ “ಊಟ ಆಯ್ತಾ?” ದಿನಕ್ಕೆ ಹತ್ತು ಬಾರಿ ಹತ್ತು ಜನ ಕೇಳುವಾಗ ಊಟ ಮರೆಯುವುದು ಸಾಧ್ಯವೇ ಇರಲಿಲ್ಲ. ಈ ಊರಿಗೆ ಮೊದಲು ಬಂದ ನಮ್ಮವರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದರು. ದಣಿದ ಮೈಯನ್ನು ಎಬ್ಬಿಸಲು ಪಕ್ಕದಲ್ಲಿ ಮಲಗಿದ ಜೊತೆಗಾರನ “ಬಾರೋ, ಹೊತ್ತಾಯ್ತು” ಎಂಬ ಮಾತು ಸಾಕಾಗಿರಬೇಕು. ಒಂದು ಕೋಣೆಯ ಫ್ಲಾಟಿನಲ್ಲಿ ಒಬ್ಬನೇ ಇರುವ ನನಗೆ ಹಾಗೆ ಕೇಳುವವರು ಯಾರು? ಆ ಖಾಲಿ ಜಾಗದಲ್ಲಿ ಆ್ಯಪ್ ಬಂದು ಕೂತಿತು.

ಆ್ಯಪ್ ಎಲ್ಲವನ್ನೂ ನಮ್ಮ ಮನಸ್ಸಿನ ಬಲದ ಪ್ರಶ್ನೆಯನ್ನಾಗಿ ಮಾಡುತ್ತದೆ ಎಂಬುದೂ ಒಂದು ತೊಡಕು. ಕಚೇರಿಯ ಗೆಳತಿಗೆ ನೀರು ಕುಡಿಯುವ ರಿಮೈಂಡರ್ ಹಾಕಿಕೊಡಲು ಹೋಗಿದ್ದೆ. “ನನಗೆ ನೀರು ಮರೆತುಹೋಗುವುದಿಲ್ಲ ಮಾರಾಯ. ದಾರಿಯಲ್ಲಿ ಹೋಗಬಹುದಾದ ಟಾಯ್ಲೆಟ್ ಇಲ್ಲ, ಅದಕ್ಕೆ ಕುಡಿಯುವುದಿಲ್ಲ” ಎಂದಳು. 2011ರಲ್ಲಿ ಇದೇ ಮುಂಬಯಿಯಲ್ಲಿ ಹೆಂಗಸರು ಸಾರ್ವಜನಿಕ ಮೂತ್ರಾಲಯಕ್ಕಾಗಿ ‘ರೈಟ್ ಟು ಪೀ’ ಎಂದು ಚಳವಳಿ ಹೂಡಿದ್ದು ಇದಕ್ಕೇ. ಯಾವ ಅಭ್ಯಾಸ ನನ್ನ ಸೋಮಾರಿತನದಿಂದ ತಪ್ಪುತ್ತಿದೆ, ಯಾವುದು ಊರಿನ ಕೊರತೆಯಿಂದ ತಪ್ಪುತ್ತಿದೆ ಎಂದು ಫೋನು ಬಿಡಿಸಿ ಹೇಳುವುದಿಲ್ಲ.

ಮತ್ತೆ ಆ ಅಡುಗೆಮನೆಗೆ ಬರುತ್ತೇನೆ. ಅವ್ವ ಬೇಸರ ಮಾಡಿಕೊಂಡಿದ್ದಾಳೆಂದು ನಾನು ಏನೇನೋ ಸಮಜಾಯಿಷಿ ಹೇಳತೊಡಗಿದೆ. ಕೆಲಸದ ಒತ್ತಡ, ರೈಲು, ಮೀಟಿಂಗು. ಅವಳು ಸೆರಗಿನ ತುದಿ ಎತ್ತಿ ತೋರಿಸಿದಳು. ಅಲ್ಲೊಂದು ಗಂಟಿತ್ತು. “ನನಗೂ ನೆನಪ ಇರೂದಿಲ್ಲಪಾ. ನಾಳೆ ಹಾಲಿನವಂಗ ರೊಕ್ಕಾ ಕೊಡಬೇಕು, ಅದಕ್ಕ ಗಂಟ ಹಾಕ್ಕೊಂಡೀನಿ.” ನನಗೆ ಹಗುರಾಯಿತು. ಅವ್ವನ ಗಂಟೂ ನನ್ನ ಫೋನಿನ ಗಂಟೆಯೂ ಒಂದೇ ಜಾತಿಯವು ಎಂದುಕೊಂಡೆ. ಆಗ ಅವಳು ರೊಟ್ಟಿ ತಿರುವಿ ಹಾಕುತ್ತಾ ಕೇಳಿದಳು: “ಫೋನ್ ಹಚ್ಚಂತ ನೆನಪ ಮಾಡತೈತಿ, ಖರೆ. ಮನ್ನಿ ನಾ ಏನ್ ಹೇಳಿದ್ದೆ, ಅದನ್ನೂ ನೆನಪ ಮಾಡತೈತೇನು?”

ನನಗೆ ನೆನಪಾಗಲಿಲ್ಲ. ಹಬ್ಬ ಮುಗಿದ ಮೇಲೆ ಕಣ್ಣಿನ ಪೊರೆಯ ಆಪರೇಷನ್ ಗೊತ್ತಾಗಿದೆ ಎಂದು ಅವಳು ಹೇಳಿದ್ದಳಂತೆ. ನಾನು “ಹೂಂ, ಹೂಂ, ಮಾಡಿಸಿಕೋ” ಎಂದಿದ್ದೆನಂತೆ. ಆಗ ನನ್ನ ಮುಂದೆ ಲ್ಯಾಪ್‌ಟಾಪ್ ತೆರೆದಿತ್ತು. ನಾಲ್ಕು ನಿಮಿಷ ಮಾತಾಡಿದ ಮೇಲೆ ‘ಆಯಿತು’ ಒತ್ತಿದ್ದೆ. ಹಾಸಿಗೆಯಲ್ಲಿ ಮಲಗಿ ಒತ್ತಿದ ‘ಆಯಿತು’ಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ನಡೆಯದೆ ನಡೆದೆ ಎಂದಿದ್ದೆ. ಕೇಳದೆ ಮಾತಾಡಿದೆ ಎಂದಿದ್ದೆ.

ನನ್ನ ಪ್ರಶ್ನೆಯೇ ತಪ್ಪಾಗಿತ್ತು ಎಂದು ಈಗ ಅನ್ನಿಸುತ್ತದೆ. ನೆನಪಿಸಿದ್ದು ಯಾರು ಎಂಬುದು ಅವ್ವನಿಗೆ ಮುಖ್ಯವೇ ಆಗಿರಲಿಲ್ಲ. ಸೆರಗಿನ ಗಂಟಾಗಲಿ, ರಾಜಾಬಾಯಿಯ ಗೋಪುರವಾಗಲಿ, ಫೋನಾಗಲಿ, ಅವು ನಮ್ಮನ್ನು ಬಾಗಿಲ ತನಕ ತಂದು ಬಿಡುತ್ತವೆ. ಒಳಗೆ ಹೋಗಿ ಕೂರಬೇಕಾದವರು ನಾವು. ಸೆರಗಿನ ಗಂಟು ಹಾಲಿನವನಿಗೆ ದುಡ್ಡು ಕೊಟ್ಟ ಮೇಲೆ ಬಿಚ್ಚಿಹೋಗುತ್ತದೆ, ಅದಕ್ಕೆ ಲೆಕ್ಕ ಇಡುವ ಆಸೆಯಿಲ್ಲ. ನನ್ನ ಆ್ಯಪ್ ‘ಆಯಿತು’ ಎಂಬ ಗುಂಡಿ ಕೊಟ್ಟು, ಮುಗಿಯದ ಸಂಬಂಧವನ್ನು ದಿನವೂ ರಾತ್ರಿ ಮುಗಿಸಿಬಿಡುತ್ತಿತ್ತು. ನಾನು ಅದಕ್ಕೆ ಖುಷಿಯಿಂದ ಒಪ್ಪಿದ್ದೆ.

ಗುಳಿಗೆಯ ರಿಮೈಂಡರ್ ಹಾಗೇ ಇಟ್ಟುಕೊಂಡಿದ್ದೇನೆ. ದಿನಗಳ ಲೆಕ್ಕ ತೋರಿಸುವುದನ್ನು ಆರಿಸಿದ್ದೇನೆ. ಎಂಟೂವರೆಯದನ್ನು ಅಳಿಸಿದೆ. ಈಗ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಇಳಿದು ಮನೆಯ ಕಡೆ ತಿರುಗಿದಾಗ ಅವ್ವನಿಗೆ ಫೋನ್ ಹಚ್ಚುತ್ತೇನೆ. ನಡಿಗೆಯೂ ಆಗುತ್ತದೆ, ಕೈಯಲ್ಲಿ ಲ್ಯಾಪ್‌ಟಾಪೂ ಇರುವುದಿಲ್ಲ. ಅದು ಒಮ್ಮೆ ಎಂಟಕ್ಕೆ, ಒಮ್ಮೆ ಒಂಬತ್ತೂವರೆಗೆ. ಕೆಲವು ದಿನ ತಪ್ಪಿಹೋಗುತ್ತದೆ, ಸುಳ್ಳೇಕೆ ಹೇಳಲಿ. ತಪ್ಪಿದ ದಿನ ಅವಳೇ ಮಾಡುತ್ತಾಳೆ. ಆಪರೇಷನ್ ಆದ ಕಣ್ಣಿಗೆ ಈಗ ನಂಬರು ಚೆನ್ನಾಗಿ ಕಾಣುತ್ತದಂತೆ.

“ಯಾಕೋ, ಇವತ್ತ ಗಾಡಿ ತಡಾ ಆತೇನು? ಊಟಾತೇನು?”

ಆಗಿಲ್ಲದಿದ್ದರೂ “ಆತವ್ವಾ” ಎನ್ನುತ್ತೇನೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ದನಿ ಕೇಳಿದ್ರ ಆಗಿಲ್ಲ ಅನಸ್ತೈತಿ, ಮೊದಲ ಉಣ್ಣು” ಎನ್ನುತ್ತಾಳೆ.