ಸಿಸ್ಟರ್‌ಗೆ ಗೊತ್ತಿರುವುದು

ಆಸ್ಪತ್ರೆಯಿಂದ ಯಾರಾದರೂ ಮನೆಗೆ ಬಂದರೆ ನಾವು ಮೊದಲು ಕೇಳುವುದು 'ಡಾಕ್ಟರ್ ಏನಂದರು?' ಎಂದೇ. 'ಸಿಸ್ಟರ್ ಏನಂದರು?' ಎಂದು ಕೇಳುವವರು ಅಪರೂಪ. ಆದರೆ ವೈದ್ಯರು ಮಂಚದ ಬಳಿ ನಿಲ್ಲುವುದು ದಿನಕ್ಕೆ ಕೆಲವೇ ನಿಮಿಷ. ರೋಗಿ ರಾತ್ರಿ ಮಲಗಿದನೇ, ಮಾತ್ರೆ ನುಂಗಿದನೇ ಅಥವಾ ದಿಂಬಿನ ಕೆಳಗೆ ತುರುಕಿದನೇ, ಜೊತೆಗಿರುವ ಸೊಸೆ ಬೆಳಗಿನಿಂದ ಏನಾದರೂ ತಿಂದಿದ್ದಾಳೆಯೇ, ಇದೆಲ್ಲ ಗೊತ್ತಿರುವುದು ಪಾಳಿಯ ನರ್ಸ್‌ಗೆ. ಈ ತಿಳಿವಳಿಕೆ ಚಿಕಿತ್ಸೆಯ ಭಾಗವೇ, ಅಥವಾ ಬರೀ ವಾರ್ಡಿನ ಮಾತೇ? ಭಾಗವೇ ಆಗಿದ್ದರೆ, ಅದನ್ನು ಹೊತ್ತವಳಿಗೆ ನಿರ್ಧಾರದಲ್ಲಿ ಎಷ್ಟು ಪಾಲು ಸಲ್ಲಬೇಕು? ಇದು ಆಡಳಿತದ ಪ್ರಶ್ನೆಯಂತೆ ಕಾಣುತ್ತದೆ. ನಮ್ಮ ಮಟ್ಟಿಗೆ ಇದು ನೈತಿಕತೆಯ ಪ್ರಶ್ನೆ.

ರೋಗವನ್ನಲ್ಲ, ಮನುಷ್ಯನನ್ನು ನಡುವೆ ಇಟ್ಟುಕೊಂಡು ಚಿಕಿತ್ಸೆ ಕೊಡಬೇಕು, ಅದಕ್ಕೆ ವೈದ್ಯರು, ನರ್ಸ್‌ಗಳು, ಆಹಾರ ತಜ್ಞರು, ಆಶಾ ಕಾರ್ಯಕರ್ತೆಯರು ಒಂದು ತಂಡವಾಗಿ ದುಡಿಯಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಆ ತಂಡದಲ್ಲಿ ಹೆರಿಗೆ, ನವಜಾತ ಶಿಶು, ತೀವ್ರ ನಿಗಾ, ಸಕ್ಕರೆ ಕಾಯಿಲೆ ಹೀಗೆ ಒಂದೊಂದು ವಿಷಯದಲ್ಲಿ ಹೆಚ್ಚಿನ ತರಬೇತಿ ಪಡೆದ ನರ್ಸ್‌ಗೆ ತನ್ನದೇ ಸ್ಥಾನವಿರಬೇಕೆಂಬುದೂ ಒಪ್ಪಿತವಾಗಿದೆ. ವಿಚಾರ ಹಳೆಯದೇ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು ಮದೀನಾದಲ್ಲಿ ರುಫೈದಾ ಅಲ್ ಅಸ್ಲಮಿಯ್ಯಾರ ಡೇರೆಗೆ ಒಯ್ದರೆಂದು ಚರಿತ್ರೆಕಾರರು ಬರೆದಿದ್ದಾರೆ. ಅದು ಯಾವುದೋ ವೈದ್ಯರ ಡೇರೆಯಾಗಿರಲಿಲ್ಲ, ರುಫೈದಾರ ಹೆಸರಿನಲ್ಲೇ ಗುರುತಾಗಿತ್ತು.

ನಮ್ಮ ಕಡೆ ಇದರ ನಿಜವಾದ ಪರೀಕ್ಷೆ ನಡೆದದ್ದು 'ಸುಕ್ಷೇಮ' ಯೋಜನೆಯಲ್ಲಿ. ರಾಜ್ಯ ಸರಕಾರದೊಡನೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸೇರಿ ರಾಯಚೂರೂ ಒಳಗೊಂಡಂತೆ ಉತ್ತರದ ಎಂಟು ಜಿಲ್ಲೆಗಳಲ್ಲಿ ಇದನ್ನು ನಡೆಸಿದವು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆರಿಗೆ ಮಾಡಿಸುವವರು ಬಹುಪಾಲು ಸ್ಟಾಫ್ ನರ್ಸ್‌ಗಳೇ. ಆದರೆ ನಂಜು ಏರಿ ಬಾಣಂತಿಗೆ ಫಿಟ್ಸ್ ಬಂದರೆ, ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಏನು ಮಾಡಬೇಕೆಂದು ಅವರಿಗೆ ಪಕ್ಕದಲ್ಲಿ ನಿಂತು ಕಲಿಸಿದವರು ಕಡಿಮೆ. 2012-13ರಲ್ಲಿ ಬಳ್ಳಾರಿ ಮತ್ತು ಗುಲ್ಬರ್ಗ ಜಿಲ್ಲೆಗಳ 108 ಕೇಂದ್ರಗಳನ್ನು ಆರಿಸಿ, ಅರ್ಧದಷ್ಟು ಕಡೆಗೆ ವಿಶೇಷ ತರಬೇತಿ ಪಡೆದ ಮಾರ್ಗದರ್ಶಕ ನರ್ಸ್‌ಗಳನ್ನು ಕಳಿಸಿದರು. ಅವರು ತಪಾಸಣೆಗೆ ಬಂದ ಅಧಿಕಾರಿಗಳಲ್ಲ, ಕೆಲಸ ಗೊತ್ತಿದ್ದ ಒಡನಾಡಿಗಳು. ಕೇಂದ್ರಕ್ಕೆ ಮತ್ತೆ ಮತ್ತೆ ಬಂದು ಅಲ್ಲಿನ ನರ್ಸ್ ಜೊತೆ ಕೂತು ಕೇಸ್ ಶೀಟ್ ತುಂಬಿದರು. ಔಷಧಿ ಯಾಕೆ ಮುಗಿದಿದೆ, ಬಿ.ಪಿ. ಯಂತ್ರ ಯಾಕೆ ಕೆಟ್ಟಿದೆ ಎಂಬುದನ್ನು ವೈದ್ಯರು, ಲ್ಯಾಬಿನವರು, ಔಷಧಿ ಕೊಡುವವರು ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದರು. ಮಾರ್ಗದರ್ಶಕರು ಹೋದ ಕೇಂದ್ರಗಳ ಸಿದ್ಧತೆಯೂ ಅಲ್ಲಿನ ನರ್ಸ್‌ಗಳ ತಿಳಿವಳಿಕೆಯೂ ಉಳಿದ ಕೇಂದ್ರಗಳಿಗಿಂತ ಚೆನ್ನಾಗಿದ್ದವು ಎಂಬುದು ಅಧ್ಯಯನದಲ್ಲಿ ಕಂಡುಬಂತು. ಮುಂದೆ ಈ ಕ್ರಮ ಉಳಿದ ಜಿಲ್ಲೆಗಳಿಗೂ ಹೋಯಿತು.

ಇಲ್ಲಿ ನಮ್ಮನ್ನು ಯೋಚನೆಗೆ ಹಚ್ಚುವುದು ಕೇಸ್ ಶೀಟ್. ಅಲ್ಲಿಯವರೆಗೆ ನರ್ಸ್ ಕಂಡದ್ದು ಬಾಯಿಮಾತಾಗಿತ್ತು. ಬರೆದ ಮೇಲೆ ಅದು ಸಾಕ್ಷ್ಯ. ದೇವದುರ್ಗದಿಂದ ಐವತ್ತು ಕಿಲೋಮೀಟರಿಗೂ ದೂರದ ರಾಯಚೂರಿಗೆ, 2007ರಲ್ಲಿ ಆರಂಭವಾದ ರಿಮ್ಸ್ ಆಸ್ಪತ್ರೆಗೆ, ಗರ್ಭಿಣಿಯನ್ನು ಆಂಬುಲೆನ್ಸಿನಲ್ಲಿ ಕಳಿಸುವಾಗ ಜೊತೆಗೆ ಹೋಗುವ ಕಾಗದದಲ್ಲಿ 'ರೆಫರ್' ಎಂಬ ಒಂದೇ ಪದವಿದೆಯೇ, ಎಷ್ಟು ಹೊತ್ತಿಗೆ ಬಿ.ಪಿ. ಎಷ್ಟಿತ್ತು, ಯಾವ ಇಂಜೆಕ್ಷನ್ ಕೊಟ್ಟಾಯಿತು ಎಂಬುದಿದೆಯೇ ಎನ್ನುವುದರ ಮೇಲೆ ಒಂದು ಜೀವ ನಿಂತಿರಬಹುದು.

ಇನ್ನೊಂದು ವಾರ್ಡಿಗೆ ಹೋಗೋಣ. 2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆಯ ಸುದ್ದಿ ರಾಜ್ಯವನ್ನೇ ಕಲಕಿತು. ವಿಷಯ ಹೈಕೋರ್ಟಿನವರೆಗೆ ಹೋಗಿ ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ತೀರಾ ಸೊರಗಿದ ಮಗುವನ್ನು ತಾಯಿಯೊಡನೆ ಹದಿನಾಲ್ಕು ದಿನ ಇರಿಸಿಕೊಂಡು ಆರೈಕೆ ಮಾಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ತಾಯಿಯ ಕೂಲಿ ನಷ್ಟಕ್ಕೆ ಭತ್ಯೆಯೂ ಉಂಟು. ಆದರೂ ದೇವದುರ್ಗದ ತಾಂಡಾದಿಂದ ಬಂದ ತಾಯಿಯೊಬ್ಬಳು ಐದನೆಯ ದಿನ ಗಂಟು ಕಟ್ಟುತ್ತಾಳೆ ಎಂದಿಟ್ಟುಕೊಳ್ಳಿ. 'ಮನ್ಯಾಗ ಇನ್ನೂ ಎರಡು ಕೂಸು ಅದಾವ್ರಿ, ಅವಕ್ಕ ಯಾರು ನೋಡ್ತಾರ್ರಿ?' ಎಂಬುದು ಅವಳ ಪ್ರಶ್ನೆ. ಗಂಡ ಪುಣೆಗೋ ಬೆಂಗಳೂರಿಗೋ ಗುಳೆ ಹೋಗಿದ್ದಾನೆ. ಆಸ್ಪತ್ರೆಯ ಭಾಷೆಯಲ್ಲಿ ಇವಳು 'ಹೇಳಿದ್ದು ಕೇಳದ ತಾಯಿ'. ವೈದ್ಯರು ನೋಡುವುದು ತೂಕದ ಪಟ್ಟಿ, ಅದು ತಪ್ಪಲ್ಲ. ಮಗುವಿನ ತೂಕ ಹದಿನೈದು ಪ್ರತಿಶತ ಏರಬೇಕೆಂಬ ಅಳತೆಗೋಲು ಮಗುವಿನ ಒಳ್ಳೆಯದಕ್ಕೇ ಇರುವುದು. ಆದರೆ ಈ ವಾರ್ಡಿನಲ್ಲಿ ನಡುವೆ ಇರಬೇಕಾದ 'ವ್ಯಕ್ತಿ' ಯಾರು? ಮಂಚದ ಮೇಲಿನ ಕೂಸೇ, ತಾಯಿಯೇ, ತಾಂಡಾದಲ್ಲಿ ಉಳಿದ ಆ ಇಬ್ಬರೇ?

ಪಳಗಿದ ನರ್ಸ್ ಈ ಹೊತ್ತಿನಲ್ಲಿ ಬೈಯುವುದಿಲ್ಲ. ತಾಂಡಾದ ಅಂಗನವಾಡಿ ಟೀಚರಿಗೆ ಫೋನು ಹಚ್ಚುತ್ತಾಳೆ, ಅಜ್ಜಿಯನ್ನು ಕರೆಸಲು ಬರುತ್ತದೆಯೇ ನೋಡುತ್ತಾಳೆ, ಎರಡು ದಿನ ಬಿಟ್ಟು ಮರಳಿ ಬರುವ ಮಾತು ಪಡೆಯುತ್ತಾಳೆ. ಆದರೆ ಆ ಎರಡು ದಿನಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಅವಳಿಗಿಲ್ಲ. ತಾಯಿ ಹೇಳದೆ ಹೋದರೆ ಮಾತ್ರ 'ನೀನೇನು ಮಾಡುತ್ತಿದ್ದೆ?' ಎಂಬ ಪ್ರಶ್ನೆ ಅವಳಿಗೇ. ಹೊಣೆ ಒಬ್ಬರಿಗೆ, ಅಧಿಕಾರ ಇನ್ನೊಬ್ಬರಿಗೆ ಎಂಬ ಈ ಏರ್ಪಾಡು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಸಿಬ್ಬಂದಿ ಪಟ್ಟಿಯಲ್ಲಿ 'ಶುಶ್ರೂಷಾಧಿಕಾರಿ' ಎಂದು ಬರೆದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ನರ್ಸ್‌ಗೆ ಹೆಚ್ಚು ಅಧಿಕಾರ ಕೊಡಿ ಎನ್ನುವುದೆಂದರೆ ಬಡ ತಾಲೂಕುಗಳಿಗೆ ವೈದ್ಯರು ಬೇಡವೆಂದಂತಲ್ಲವೇ? ಊರಿನವರಿಗೆ ಡಾಕ್ಟರು, ಹಳ್ಳಿಯವರಿಗೆ ಸಿಸ್ಟರು ಎಂಬ ಎರಡು ಪಂಕ್ತಿ ಹಾಕಿದಂತಲ್ಲವೇ? 2018ರಿಂದ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು, ಗುತ್ತಿಗೆಯ ಮೇಲೆ ದುಡಿಯುವವರು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಸೀಮಿತ ಪರವಾನಗಿಯ ಆರೋಗ್ಯ ಸೇವಕರಿಗೆ ಅವಕಾಶವಿತ್ತಾಗ ವೈದ್ಯರ ಸಂಘಗಳು ಬೀದಿಗಿಳಿದವು. 371ಜೆ ಬಂದು ದಶಕ ದಾಟಿದರೂ ತಜ್ಞ ವೈದ್ಯರು ತಾಲೂಕಿನಲ್ಲಿ ನಿಲ್ಲುವುದಿಲ್ಲವೆಂಬ ದೂರು ಕಲ್ಯಾಣ ಕರ್ನಾಟಕದಲ್ಲಿ ಹಾಗೇ ಇದೆ. ಈ ಅನುಮಾನವನ್ನು ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ.

ಆದರೆ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳನ್ನು ನೋಡಿ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಚುಚ್ಚಿಕೊಳ್ಳಲು ಕಲಿಸುವ, ಕ್ಯಾನ್ಸರ್ ರೋಗಿಯ ನೋವು ವಿಚಾರಿಸುವ ಪರಿಣತ ನರ್ಸ್‌ಗಳು ಅಲ್ಲಿದ್ದಾರೆ, ಅದೂ ವೈದ್ಯರ ಜೊತೆಗೆ. ಉಳ್ಳವರು ಹಣ ಕೊಟ್ಟು ಪಡೆಯುವ ಹೆಚ್ಚಿನ ಸೌಲಭ್ಯವೇ ದೇವದುರ್ಗಕ್ಕೆ ಬರುವಾಗ ವೈದ್ಯರಿಲ್ಲದ ಕೊರತೆ ಮುಚ್ಚುವ ತೇಪೆಯಾಗುತ್ತದೆ. ಆದ್ದರಿಂದ ನಮ್ಮ ಬೇಡಿಕೆ ವೈದ್ಯರ ಬದಲಿಗೆ ನರ್ಸ್ ಎಂಬುದಲ್ಲ, ವೈದ್ಯರೊಡನೆ ನರ್ಸ್ ಎಂಬುದು. 2018ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿ ಹದಿನೆಂಟು ತಿಂಗಳು ತರಬೇತಿ ಪಡೆದ ಸೂಲಗಿತ್ತಿ ನರ್ಸ್‌ಗಳ ಬಗ್ಗೆ ಹೇಳುತ್ತದೆ. ಅಂಥವರು ಸಹಜ ಹೆರಿಗೆಯನ್ನು ನೋಡಿಕೊಂಡು, ತೊಡಕಿನ ಹೆರಿಗೆಗೆ ಕೂಗಿದರೆ ಓಡಿ ಬರುವ ವೈದ್ಯರು ಅದೇ ಆಸ್ಪತ್ರೆಯಲ್ಲಿದ್ದಾಗ ಮಾತ್ರ ಅದು ತಂಡ.

ಮಾನ್ವಿಯ ಕಡೆ ಇನ್ನೊಂದು ಸಂಗತಿಯಿದೆ. ಕಾಲುವೆ ಬದಿಯ ಕ್ಯಾಂಪಿನವರು ತೆಲುಗು ಆಡುತ್ತಾರೆ, ಪೇಟೆಯ ಓಣಿಗಳಲ್ಲಿ ದಖನಿ ಉರ್ದು, ಹಳ್ಳಿಯಲ್ಲಿ ಕನ್ನಡ. ಬೇರೆ ಊರಿಂದ ಬಂದ ವೈದ್ಯರಿಗೂ ರೋಗಿಗೂ ನಡುವೆ ನಿಂತು ಮಾತು ದಾಟಿಸುವವಳು ನರ್ಸ್. ಆಗ ಅವಳು ಒಯ್ಯುವುದು ಬರೀ ಮಾತನ್ನಲ್ಲ. ಇನ್ನು ಮಕ್ಕಳು ಸಾಕು ಎಂಬ ಆಪರೇಷನ್ನಿಗೆ ಅತ್ತೆಯೂ ಗಂಡನೂ ಒಪ್ಪಿ ನಿಂತಿರುವಾಗ ಆ ಹೆಣ್ಣುಮಗಳು ಸುಮ್ಮನಿದ್ದರೆ, ಆ ಮೌನದ ಅರ್ಥ ಕೇಳಬೇಕಾದವರು ಯಾರು? ಪರದೆ ಎಳೆದು, ಉಳಿದವರನ್ನು ಹೊರಗೆ ಕಳಿಸಿ, 'ನಿನಗೇನು ಬೇಕವ್ವಾ?' ಎಂದು ಕೇಳಬಲ್ಲವಳು ನರ್ಸ್. ಕುಟುಂಬದ ಅಧಿಕಾರವನ್ನು ಗೌರವಿಸುವ ನಮ್ಮ ಸಮುದಾಯಗಳಿಗೆ, ಹಿಂದೂ ಆಗಲಿ ಮುಸ್ಲಿಮ್ ಆಗಲಿ, ಈ ಪ್ರಶ್ನೆ ಹಿತವಾಗಿ ಕೇಳಿಸದು. ಆದರೆ ಕೇಳದೆ ಬಿಟ್ಟರೆ ಒಪ್ಪಿಗೆಯ ಕಾಗದದ ಮೇಲಿನ ಹೆಬ್ಬೆಟ್ಟು ಯಾರದು ಎಂಬುದೇ ಅನುಮಾನ.

ಹೀಗೆ ಕೇಳಲು ಹೊತ್ತು ಬೇಕು. ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಗೆ ಮೂವರು ರೋಗಿಗಳಿಗೊಬ್ಬರು, ಸಾಮಾನ್ಯ ಆಸ್ಪತ್ರೆಗೆ ಐವರಿಗೊಬ್ಬರು ನರ್ಸ್ ಇರಬೇಕು. ರಾತ್ರಿ ಪಾಳಿಯಲ್ಲಿ ನಮ್ಮ ಸರಕಾರಿ ವಾರ್ಡುಗಳಲ್ಲಿ ಕಾಲಿಟ್ಟವರಿಗೆ ಆ ಲೆಕ್ಕ ಎಲ್ಲಿದೆ ಎಂದು ಹೇಳಬೇಕಾಗಿಲ್ಲ. ತಾಲೂಕು ಆಸ್ಪತ್ರೆಗಳಿಗೆಲ್ಲ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ. ಮಾನ್ವಿ, ದೇವದುರ್ಗದ ಓದುಗರಲ್ಲಿ ಯಾರಾದರೂ ಅದರ ಮುಂದಿನ ಸಭೆಗೆ ಹೋಗುವವರಿದ್ದರೆ, ಕಟ್ಟಡದ ಬಣ್ಣ, ಕುಡಿಯುವ ನೀರಿನ ಯಂತ್ರದ ಮಾತು ಮುಗಿದ ಮೇಲೆ ಇದನ್ನೂ ಕೇಳಲಿ: ಹೆರಿಗೆ ವಾರ್ಡಿನ ರಾತ್ರಿ ಪಾಳಿಗೆ ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಒಬ್ಬರನ್ನಾದರೂ ಈ ಸಭೆಗೆ ಕರೆದಿದ್ದೀರಾ?