ಇಂದಿನ ಧಮ್ಮಚಿಂತನೆ: ಕಡಲಿನಿಂದ ಬಾಟಲಿಗೆ





ವರ್ತೂರು, ವೈಟ್‌ಫೀಲ್ಡ್ ಕಡೆಯ ಯುವಕರು ಶುಕ್ರವಾರ ರಾತ್ರಿ ಬಸ್ಸು ಹತ್ತಿ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗಿ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುತ್ತಾರೆ. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಸಂತೋಷದ ಮಾತೇ. ಕಡಲು ಇಳಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಮರಿಮೀನು, ಖಾಲಿ ಶಂಖದಲ್ಲಿ ಮನೆ ಮಾಡಿಕೊಂಡ ಏಡಿ, ನಕ್ಷತ್ರ ಮೀನು, ಹೂವಿನಂತೆ ಅರಳಿ ಮುಟ್ಟಿದರೆ ಮುದುಡುವ ಸೀ ಅನಿಮೋನಿ ಸಿಗುತ್ತವೆ. ಅವನ್ನು ಬಾಟಲಿಗೆ ತುಂಬಿ ತಂದು ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಬಿಡುವ ಹವ್ಯಾಸ ಕೆಲವರಿಗಿದೆ.

ಈ ಮಾತು ಬಂದಾಗ ನಮ್ಮ ಬಳಗದ ಯುವಕನೊಬ್ಬ ಕೇಳಿದ: "ಸರ್, ನಾವು ಮೀನು ತಿನ್ನೋರು. ತಿನ್ನೋದು ತಪ್ಪಲ್ಲ ಅಂದ್ಮೇಲೆ ಸಾಕೋದು ಹೇಗೆ ತಪ್ಪಾಗುತ್ತೆ?"

ನ್ಯಾಯವಾದ ಪ್ರಶ್ನೆ. ನಮ್ಮ ತಟ್ಟೆ ನೋಡಿ ನಮ್ಮ ಯೋಗ್ಯತೆ ಅಳೆದವರ ನಡುವೆ ಬೆಳೆದವರು ನಾವು. ಅಹಿಂಸೆಯ ಹೆಸರಿನಲ್ಲಿ ಅದೇ ತಕ್ಕಡಿ ಮತ್ತೆ ಬಂದರೆ ಒಪ್ಪಬೇಕಿಲ್ಲ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಅಗತ್ಯಕ್ಕಾಗಿ ಕೊಲ್ಲುವುದನ್ನೂ ಬರೀ ಇಚ್ಛೆಗಾಗಿ ಕೊಲ್ಲುವುದನ್ನೂ ಬೇರೆ ಬೇರೆಯಾಗಿ ನೋಡಿದ್ದಾರೆ. ಬುದ್ಧರ ಅಹಿಂಸೆ ಕಣ್ಣು ಮುಚ್ಚಿ ಪಾಲಿಸುವ ಕಟ್ಟಳೆಯಲ್ಲ, ಯೋಚಿಸಿ ನಡೆಯಬೇಕಾದ ತತ್ವ ಎಂಬುದು ಅವರ ವಿವರಣೆ.

ಆದ್ದರಿಂದ ನಾವು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇಲ್ಲಿ ಅಗತ್ಯ ಯಾವುದು?

ಕರಾವಳಿಯ ಮೊಗವೀರರು, ಖಾರ್ವಿಗಳು ಹೊಟ್ಟೆಪಾಡಿಗೆ ಮೀನು ಹಿಡಿಯುತ್ತಾರೆ. ಆದರೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಮೀನು ಮೊಟ್ಟೆಯಿಟ್ಟು ಮರಿ ಮಾಡಲಿ ಎಂದು ಈ ನಿಷೇಧ. ಅನ್ನಕ್ಕಾಗಿ ಹಿಡಿಯುವವರಿಗೇ ಇಷ್ಟು ಕಟ್ಟುಪಾಡು ಇರುವಾಗ, ಚಂದಕ್ಕಾಗಿ ಹಿಡಿಯುವವರಿಗೆ ಒಂದೂ ಬೇಡವೇ? ದಡದ ಗುಂಡಿಗಳಲ್ಲಿ ಹಲವು ಜಾತಿಯ ಮರಿಮೀನುಗಳು ಬೆಳೆಯುತ್ತವೆ. ಅಲ್ಲಿಗೆ ಕೈ ಹಾಕಿದರೆ ನಾಳೆ ಬೇರೊಬ್ಬರ ಬಲೆಗೆ ಬರಬೇಕಾದ ಮೀನೂ ಕಡಿಮೆಯಾಗುತ್ತದೆ.

ಉದಾನ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಶ್ರಾವಸ್ತಿಗೂ ಜೇತವನಕ್ಕೂ ನಡುವೆ ಕೆಲವು ಹುಡುಗರು ಸಣ್ಣ ಮೀನುಗಳನ್ನು ಹಿಡಿದು ಹಿಂಸಿಸುತ್ತಿದ್ದರು. ಬುದ್ಧರು ಹತ್ತಿರ ಹೋಗಿ, ನಿಮಗೆ ನೋವೆಂದರೆ ಭಯವೇ, ನೋವು ನಿಮಗೆ ಇಷ್ಟವಿಲ್ಲವೇ ಎಂದು ಕೇಳಿದರು. ಹೌದೆಂದರು ಹುಡುಗರು. ಹಾಗಾದರೆ ಕೆಟ್ಟ ಕೆಲಸ ಮಾಡಬೇಡಿ ಎಂಬುದೇ ಬೋಧೆಯ ಸಾರ. ಬೈಗುಳವಿಲ್ಲ, ನರಕದ ಹೆದರಿಕೆಯಿಲ್ಲ. ಅವರವರ ಅನುಭವವನ್ನೇ ಅವರ ಮುಂದಿಟ್ಟರು.

ಬಾಟಲಿಯ ಜೀವಕ್ಕೂ ಅದನ್ನೇ ಹೊಂದಿಸಿ ನೋಡೋಣ. ಇಡೀ ರಾತ್ರಿಯ ಪ್ರಯಾಣದಲ್ಲಿ ನೀರಿನಲ್ಲಿನ ಆಮ್ಲಜನಕ ಮುಗಿಯುತ್ತದೆ. ಉಳಿದು ಮನೆ ಸೇರಿದರೂ ಕರೆಂಟು ಹೋದಾಗ ಪಂಪು ನಿಲ್ಲುತ್ತದೆ. ಸಣ್ಣ ತೊಟ್ಟಿಯಲ್ಲಿ ಒಂದು ಸತ್ತು ಕೊಳೆತರೆ ನೀರಿನಲ್ಲಿ ಅಮೋನಿಯಾ ಏರಿ ಉಳಿದವೂ ಸಾಯುತ್ತವೆ.

ಚೆನ್ನಾಗಿ ನೋಡಿಕೊಂಡರೆ ಬದುಕುವುದಿಲ್ಲವೇ? ಬದುಕಿದ್ದೂ ಉಂಟು. ಸ್ಕಾಟ್ಲೆಂಡಿನ ನಿಸರ್ಗ ವಿಜ್ಞಾನಿ ಜಾನ್ ಡಾಲ್ಯೆಲ್ 1828ರಲ್ಲಿ ಕಡಲ ದಡದಿಂದ ತಂದ ಒಂದು ಸೀ ಅನಿಮೋನಿ ಗಾಜಿನ ಪಾತ್ರೆಯಲ್ಲಿ 1887ರವರೆಗೆ ಇತ್ತು. ತಂದವರು 1851ರಲ್ಲೇ ತೀರಿಕೊಂಡಿದ್ದರು. ಅದು ಕಡಲಿಗೆ ಹತ್ತಿರದ ಊರು. ಅಷ್ಟು ದೀರ್ಘ ಆಯುಷ್ಯವಿರಬಹುದಾದ ಜೀವವನ್ನು ಒಂದು ವಾರಾಂತ್ಯದ ಖುಷಿಗೆ ಬಂಡೆಯಿಂದ ಕೀಳುತ್ತೇವೆ ಎಂಬುದನ್ನು ಯೋಚಿಸಿ.

ಎರಡನೆಯ ಶೀಲವನ್ನೂ ಇಲ್ಲಿ ನೆನೆಯಬೇಕು. ಅದಿನ್ನಾದಾನ ಎಂದರೆ ಬರೀ ಕಳ್ಳತನವಲ್ಲ, ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. "ಬಂಡೆ ಮೇಲಿನದ್ದು ಯಾರಪ್ಪಂದು?" ಎಂದು ಕೇಳುವವರಿದ್ದಾರೆ. ಯಾರದ್ದೂ ಅಲ್ಲ ಎಂಬುದಕ್ಕೂ ಎಲ್ಲರದ್ದೂ ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. ಎಲ್ಲರ ನೀರನ್ನು ಕೆಲವರು ತಮ್ಮದೆಂದು ಬೇಲಿ ಹಾಕಿದ್ದಕ್ಕೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚೌದಾರ್ ಕೆರೆಗೆ ಇಳಿಯಬೇಕಾಯಿತು. ಮನುಷ್ಯರ ಅವಮಾನವನ್ನು ಮೀನಿನ ಪಾಡಿಗೆ ನಾನು ಹೋಲಿಸುತ್ತಿಲ್ಲ. ಎಲ್ಲರದ್ದನ್ನು ಒಬ್ಬರು ತಮ್ಮ ಮನೆಗೆ ಒಯ್ಯುವುದನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು ಎಂದಷ್ಟೇ ಹೇಳುತ್ತಿದ್ದೇನೆ. ನಮ್ಮೂರ ಕೆರೆಯ ಪಾಡು ನಮಗೆ ಗೊತ್ತು. 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿಬಂತು. ಎಲ್ಲರದ್ದು ಹಾಳಾದರೆ ಹೇಗಿರುತ್ತದೆಂದು ವರ್ತೂರಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಕಾನೂನೂ ತಿಳಿದಿರಲಿ. ಹವಳ, ಕಡಲ ಕುದುರೆ, ಕಡಲ ಸೌತೆ ಇವೆಲ್ಲ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ತಂದರೆ ಅಪರಾಧ.

ಇಂದಿನ ಅಭ್ಯಾಸ: ಕಡಲಿಗೆ ಹೋದಾಗ ಮಕ್ಕಳೊಂದಿಗೆ ಗುಂಡಿಯ ಪಕ್ಕ ಕುಳಿತು ನೋಡಿ. ಕಲ್ಲು ಎತ್ತಿದರೆ ಇದ್ದಂತೆಯೇ ಮೆಲ್ಲಗೆ ಇಡಿ. ಖಾಲಿ ಶಂಖವನ್ನೂ ಅಲ್ಲೇ ಬಿಡಿ, ಅದು ಯಾವುದೋ ಏಡಿಯ ನಾಳಿನ ಮನೆ. ಅಕ್ವೇರಿಯಂ ಇಡಲೇಬೇಕೆಂದರೆ ಸಾಕಣೆಯಲ್ಲಿ ಹುಟ್ಟಿದ ಮೀನೇ ಎಂದು ಕೇಳಿ ಕೊಳ್ಳಿ. ಕ್ಲೌನ್ ಮೀನನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಈಗಾಗಲೇ ಮನೆಯಲ್ಲಿರುವುದನ್ನು ಕೆರೆಗೆ ಬಿಡಬೇಡಿ, ಕೊನೆಯವರೆಗೂ ಜತನದಿಂದ ನೋಡಿಕೊಳ್ಳಿ. ಅದೂ ಮೈತ್ರಿಯೇ.

ಕೈ ಚಾಚುವ ಮುನ್ನ ಒಂದು ಉಸಿರಿನಷ್ಟು ನಿಂತು ಕೇಳಿಕೊಳ್ಳೋಣ: ಇದು ನನಗೆ ಬೇಕೋ, ಬರೀ ಆಸೆಯೋ? ಆ ಒಂದು ಉಸಿರಿನಲ್ಲೇ ಶೀಲವಿದೆ.

ಭವತು ಸಬ್ಬ ಮಂಗಲಂ. ಜೈ ಭೀಮ್.