ಮೇಜಿನಿಂದ 130 ಮೀಟರ್ ಕೆಳಗೆ

ಯುದ್ಧವಿಮಾನಗಳ ಪುಟ್ಟ ಮಾದರಿ ಮಾಡುವವರ ಶ್ರದ್ಧೆ ಸಂಶೋಧಕರನ್ನೂ ನಾಚಿಸುವಂಥದ್ದು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಹಾಕಿದ 'ಎನೋಲಾ ಗೇ' ಎಂಬ ಬಿ-29 ವಿಮಾನವನ್ನೇ ನೋಡಿ. ಬಾಲದ ಮೇಲೆ ವೃತ್ತದೊಳಗೆ ಆರ್ ಅಕ್ಷರ, ಒಡಲಿನ ಮೇಲೆ 82, ಪೈಲಟ್ ಪಾಲ್ ಟಿಬೆಟ್ಸ್ ಕೂರುವ ಕಿಟಕಿಯ ಕೆಳಗೆ ಅವನ ತಾಯಿಯ ಹೆಸರು, ಭಾರ ಇಳಿಸಲು ಬಂದೂಕುಗಳನ್ನು ಕಿತ್ತ ಜಾಗ: ಹಳೆಯ ಫೋಟೋಗಳನ್ನು ಭೂತಗನ್ನಡಿಯಡಿ ಹಿಡಿದು ಇದೆಲ್ಲವನ್ನೂ ಖಚಿತಪಡಿಸಿಕೊಳ್ಳುತ್ತಾರೆ. ಒಂದಕ್ಷರ ಓರೆಯಾದರೂ ಅವರಿಗೆ ಅದು ಸುಳ್ಳು.

ಹಾಗಾದರೆ, ಎಲ್ಲ ವಿವರವೂ ಸರಿಯಿರುವ ಮಾದರಿ ಸತ್ಯ ಹೇಳುತ್ತದೆಯೇ?

1:72 ಪ್ರಮಾಣದಲ್ಲಿ ಈ ವಿಮಾನದ ರೆಕ್ಕೆಗಳ ಅಗಲ ಸುಮಾರು 60 ಸೆಂಟಿಮೀಟರ್. ಮೇಜಿನ ಮೇಲೆ ಹಿಡಿಸುತ್ತದೆ. ಬಾಂಬ್ ಬಿಟ್ಟಾಗ ಅದು ಹಾರುತ್ತಿದ್ದುದು ಸುಮಾರು 9,400 ಮೀಟರ್ ಎತ್ತರದಲ್ಲಿ. ಅದೇ ಲೆಕ್ಕದಲ್ಲಿ ಹಿರೋಶಿಮಾ ಮೇಜಿನಿಂದ 130 ಮೀಟರ್ ಕೆಳಗಿರಬೇಕು. ಅಲ್ಲಿ ಮನುಷ್ಯನ ಎತ್ತರ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000.

ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಮಾನ ಸಂಗ್ರಹಾಲಯವು ಈ ವಿಮಾನದ ಜೊತೆ ಹಿರೋಶಿಮಾದಲ್ಲಿ ಉಳಿದ ವಸ್ತುಗಳನ್ನೂ ಇಡಲು ಹೊರಟಿತ್ತು. ಮಾಜಿ ಸೈನಿಕರು ವಿರೋಧಿಸಿದರು. 1995ರಲ್ಲಿ ಆ ಯೋಜನೆ ರದ್ದಾಗಿ ವಿಮಾನದ ಕೆಲವು ಭಾಗಗಳಷ್ಟೇ ಪ್ರದರ್ಶನಕ್ಕೆ ಬಂದವು.

ನಿಖರತೆ ದೊಡ್ಡ ಗುಣ. ನೋಡಿದ್ದನ್ನು ಅದು ಸರಿಯಾಗಿ ಹೇಳಿಸುತ್ತದೆ. ಎತ್ತ ನೋಡಬೇಕೆಂಬುದನ್ನು ಮಾತ್ರ ನಮಗೇ ಬಿಡುತ್ತದೆ. ಒಬ್ಬ ತಾಯಿಯ ಹೆಸರಿನ ಅಕ್ಷರಗಳನ್ನು ಅಷ್ಟು ಜತನದಿಂದ ಹುಡುಕುವ ಕಣ್ಣು, ಕೆಳಗಿದ್ದ ತಾಯಂದಿರ ಹೆಸರುಗಳಿಗೂ ಅಷ್ಟೇ ಋಣಿ.